ಪಾಠ ನೋಡಲು ಬಂದವರ ಧರ್ಮ

ತರಗತಿಯ ಒಂದು ಮೂಲೆಯಲ್ಲಿ ಐದಾರು ಮಕ್ಕಳು ಶಿಕ್ಷಕಿಯ ಸುತ್ತ ಕೂತು ಓದುತ್ತಿರುತ್ತಾರೆ. ಹೊರಗಿನವರೊಬ್ಬರು ಬಂದು ಪಕ್ಕದಲ್ಲಿ ಕೂತು ಆ ಪಾಠವನ್ನು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಮುಗಿದ ಮೇಲೆ ಶಿಕ್ಷಕಿಗೆ ನಾಲ್ಕು ಮಾತು ಹೇಳಿ ಹೋಗುತ್ತಾರೆ. ಇಲಾಖೆಯ ಭಾಷೆಯಲ್ಲಿ ಇದಕ್ಕೆ ಪಾಠ ವೀಕ್ಷಣೆ ಮತ್ತು ಹಿಮ್ಮಾಹಿತಿ ಎಂದು ಹೆಸರು. ಬಿಸಿಯೂಟದ ಲೆಕ್ಕ, ಹಾಜರಾತಿ, ಸಮವಸ್ತ್ರ ವಿತರಣೆಗಳ ಜೊತೆಯಲ್ಲಿ ಇದೂ ಆಡಳಿತದ ಒಂದು ಕೆಲಸವಾಗಿ ನಡೆದುಹೋಗುತ್ತದೆ. ಆದರೆ ಒಬ್ಬರ ದುಡಿಮೆಯನ್ನು ಇನ್ನೊಬ್ಬರು ನೋಡಿ, ನೋಡಿದ್ದನ್ನು ಅವರ ಎದುರಿಗೇ ಹೇಳುವುದು ಯಾವ ನ್ಯಾಯದಿಂದ ಎಂದು ಕೇಳಿಕೊಂಡರೆ ವಿಷಯ ಇಲಾಖೆಯ ಅಂಗಳದಲ್ಲಿ ಉಳಿಯುವುದಿಲ್ಲ, ಅದು ಧರ್ಮಜಿಜ್ಞಾಸೆ. ಕಂಡದ್ದು ನಿಜವೇ, ಹೇಳುವ ಅಧಿಕಾರ ಯಾರದು, ಹೇಳಿದ ಮಾತು ಕೇಳಿದವರ ಮನಸ್ಸಿಗೆ ಏನು ಮಾಡೀತು ಎಂಬ ಪ್ರಶ್ನೆಗಳನ್ನು ನಮ್ಮ ದರ್ಶನಗಳು, ಬೌದ್ಧ ಸಂಘದ ನಿಯಮಗಳು, ಕಲ್ಯಾಣದ ಶರಣರ ಸಂವಾದಗಳು ಬಹಳ ಹಿಂದೆಯೇ ಎದುರಿಸಿವೆ. ಅವುಗಳನ್ನು ಮುಂದಿಟ್ಟುಕೊಂಡು ನಾನು ಹೇಳಬೇಕೆಂದಿರುವುದು ಇಷ್ಟು: ಪಾಠ ನೋಡಿದವರಿಗೆ ಮಾತಾಡುವ ಹಕ್ಕನ್ನು ಹುದ್ದೆ ಕೊಡಲಾರದು, ಪರಿಣತಿಯೊಂದೇ ಕೊಡಲಾರದು. ಶಿಕ್ಷಕಿ ಯಾವ ಮಗುವಿನ ಓದಿಗೆ ಕಿವಿಗೊಟ್ಟಿದ್ದರೋ ಅದೇ ಓದಿಗೆ ತಾವೂ ಕಿವಿಗೊಟ್ಟು, ಆಮೇಲೆ ತಾವು ಕಂಡದ್ದನ್ನು ಆಕೆಯ ಪರೀಕ್ಷೆಗೆ ಒಡ್ಡಲು ಒಪ್ಪಿದವರಿಗೆ ಮಾತ್ರ ಆ ಹಕ್ಕು ದಕ್ಕುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಶುರುವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತಾವಿರುವ ಮೈಲಿಗಲ್ಲಿನ ಕಾರ್ಡು ಎತ್ತಿಕೊಂಡು, ತಮ್ಮ ತಮ್ಮ ತಟ್ಟೆಗೆ ಹೋಗುತ್ತಾರೆ. ತಟ್ಟೆಗಳು ಐದು: ಶಿಕ್ಷಕರ ಪೂರ್ಣ ನೆರವಿನ ಗುಂಪು, ಭಾಗಶಃ ನೆರವಿನ ಗುಂಪು, ಗೆಳೆಯರ ನೆರವಿನಿಂದ ಕಲಿಯುವ ಎರಡು ಗುಂಪುಗಳು, ತಾವೇ ಕಲಿಯುವ ಗುಂಪು. ಓದು ಕಲಿಸುವ ಸೂಕ್ಷ್ಮ ಕೆಲಸವೆಲ್ಲ ನಡೆಯುವುದು ಮೊದಲ ತಟ್ಟೆಯ ಸುತ್ತ. ಅಲ್ಲಿ ಕೂತ ಶಿಕ್ಷಕಿ ಒಂದು ಮಗುವಿನ ಬೆರಳು ಯಾವ ಅಕ್ಷರದ ಕೆಳಗೆ ನಿಂತಿದೆ ಎಂದು ನೋಡುತ್ತಿರುವಾಗ, ಪಕ್ಕದ ಮಗು ಕಾರ್ಡಿನ ಚಿತ್ರ ನೋಡಿ ಪದ ಊಹಿಸಿಬಿಡುವುದು ಆಕೆಗೆ ಕಾಣುವುದಿಲ್ಲ. ಉಳಿದ ನಾಲ್ಕು ಗುಂಪುಗಳಿಗಂತೂ ಆಕೆಯ ಬೆನ್ನೇ ಇರುತ್ತದೆ. ಕಣ್ಣಿಗೆ ತನ್ನನ್ನು ತಾನು ನೋಡಿಕೊಳ್ಳಲು ಬಾರದು ಎಂಬ ಹಳೆಯ ತತ್ತ್ವದ ಮಾತು ಇಲ್ಲಿ ಅಕ್ಷರಶಃ ನಿಜ. ನನ್ನ ಕೋಣೆ ನನ್ನದು, ಯಾರೂ ಬರಬೇಕಾಗಿಲ್ಲ ಎಂಬ ಶಿಕ್ಷಕರ ಹಟಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಇನ್ನೊಬ್ಬರ ಕಣ್ಣು ಬೇಕೇಬೇಕು. ಆ ಕಣ್ಣು ಎಂಥದಿರಬೇಕು ಎಂಬುದಷ್ಟೇ ಚರ್ಚೆ.

ಒಂದು ಮಗುವಿನ ಮುಂದೆ ‘ಹಕ್ಕಿ ಹಾರಿತು’ ಎಂಬ ವಾಕ್ಯವಿದೆ ಎನ್ನಿ. ಮಗು ‘ಅಕ್ಕಿ ಆರಿತು’ ಎಂದು ಓದಿ ಮುಂದಿನ ಸಾಲಿಗೆ ಹೋಗುತ್ತದೆ. ಶಿಕ್ಷಕಿ ತಲೆಯಾಡಿಸುತ್ತಾರೆ. ನೋಡಲು ಬಂದವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಮಗುವಿನ ತಪ್ಪನ್ನು ಶಿಕ್ಷಕಿ ಗಮನಿಸಲಿಲ್ಲ. ಈ ಒಂದು ವಾಕ್ಯದಲ್ಲಿ ಎಷ್ಟು ಅವಸರವಿದೆ ನೋಡಿ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಕಾರ ನಾಲಿಗೆಯ ಮೇಲೆ ನಿಲ್ಲುವುದೇ ಇಲ್ಲ. ಆ ಮಗು ಕಣ್ಣಿನಿಂದ ಹಕಾರವನ್ನೇ ಓದಿ, ಬಾಯಲ್ಲಿ ತನ್ನ ಮನೆಯ ಮಾತನ್ನು ಆಡಿರಬಹುದು. ಅದರ ಮನಸ್ಸಿನಲ್ಲಿ ರೆಕ್ಕೆ ಬಡಿದು ಹೋದದ್ದು ಹಕ್ಕಿಯೇ. ಹಾಗಾದರೆ ಅಲ್ಲಿ ಓದಿನ ತಪ್ಪೇ ಇಲ್ಲ, ಉಚ್ಚಾರಣೆಯ ವಿಚಾರವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು ಎಂದು ತಿಳಿದೇ ಶಿಕ್ಷಕಿ ತಲೆಯಾಡಿಸಿರಬಹುದು. ಅಥವಾ ಮಗು ನಿಜವಾಗಿಯೂ ಅ ಮತ್ತು ಹ ಅಕ್ಷರಗಳನ್ನು ಬೇರ್ಪಡಿಸಿ ಗುರುತಿಸಲಾರದೆ, ಒಣಹಾಕಿದ ಅಕ್ಕಿಯನ್ನೇ ನೆನೆದಿರಬಹುದು. ಆಗ ಶಿಕ್ಷಕಿಯ ಮೌನ ಆ ಮಗುವಿಗೆ ಆದ ನಷ್ಟ. ಅಥವಾ ಆ ಗಳಿಗೆಯಲ್ಲಿ ಆಕೆಯ ಗಮನ ಬೇರೆಲ್ಲೋ ಇದ್ದಿರಲೂಬಹುದು. ಹೊರಗಿನಿಂದ ನೋಡಿದರೆ ಮೂರರ ರೂಪವೂ ಒಂದೇ. ನೈಯಾಯಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆಬೇರೆ ಪ್ರಮಾಣಗಳಾಗಿ ಎಣಿಸಿದರು. ಹೊಗೆ ಕಂಡಲ್ಲಿ ಬೆಂಕಿ ಇದೆ ಎನ್ನಬೇಕಾದರೆ ಹೊಗೆ ಬೆಂಕಿಯನ್ನು ಬಿಟ್ಟು ಎಲ್ಲಿಯೂ ಇರಬಾರದು. ಸಾಧಿಸಬೇಕಾದದ್ದು ಇರುವಲ್ಲಿಯೂ ಇಲ್ಲದಲ್ಲಿಯೂ ಸಮನಾಗಿ ಕಾಣಿಸಿಕೊಳ್ಳುವ ಹೇತುವನ್ನು ಅವರು ಸವ್ಯಭಿಚಾರ ಎಂದು ಕರೆದು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದರು. ಶಿಕ್ಷಕಿಯ ಮೌನ ಅಂಥದೇ ಹೇತು. ಗಮನಿಸಿದವರೂ ಸುಮ್ಮನಿರುತ್ತಾರೆ, ಗಮನಿಸದವರೂ ಸುಮ್ಮನಿರುತ್ತಾರೆ. ‘ತಿದ್ದಲಿಲ್ಲ’ ಎಂಬುದು ಪ್ರತ್ಯಕ್ಷ. ‘ಗಮನಿಸಲಿಲ್ಲ’ ಎಂಬುದು ಕೆಟ್ಟ ಅನುಮಾನ. ಸಾವಿರಾರು ಭೇಟಿ ಪುಸ್ತಕಗಳಲ್ಲಿ ಎರಡನೆಯದು ಮೊದಲನೆಯದರ ವೇಷ ತೊಟ್ಟು ಕೂತಿರುತ್ತದೆ ಎಂಬುದೇ ನನ್ನ ಮೊದಲ ಆತಂಕ. ಬಿಡಿಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ. ಆ ಹಕ್ಕಿ ಎಲ್ಲಿಗೆ ಹೋಯಿತು ಎಂದು ಮಗುವನ್ನು ಕೇಳಬಹುದು. ಆಗ ನಿಮಗೆ ಏನನ್ನಿಸಿತು ಎಂದು ಶಿಕ್ಷಕಿಯನ್ನು ಕೇಳಬಹುದು. ಕೇಳದೆ ಬರೆದದ್ದು, ಬರೆದವರ ಮನಸ್ಸಿನ ಚಿತ್ರ.

ಓದು ಕಲಿಸುವ ಕೆಲಸದಲ್ಲಿ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ, ಏಕೆಂದರೆ ಅದರ ಒಳ್ಳೆಯ ಭಾಗ ಹೆಚ್ಚಾಗಿ ಕಣ್ಣಿಗೆ ಬೀಳುವಂಥದಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಅಳೆದು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತಿದ್ದವು, ಬಾಯಿ ಬಿಡದವರೂ ಮಾತಾಡುತ್ತಿದ್ದರು. ಒತ್ತಕ್ಷರದ ಮುಂದೆ ತಡವರಿಸಿ ನಿಂತ ಮಗುವಿಗೆ ಪದವನ್ನು ಹೇಳಿಕೊಡದೆ ಕಾಯುವ ಶಿಕ್ಷಕಿ ಆ ಹೊತ್ತಿನಲ್ಲಿ ತನ್ನ ವೃತ್ತಿಯ ಅತ್ಯಂತ ಕಷ್ಟದ ಕೆಲಸ ಮಾಡುತ್ತಿರುತ್ತಾರೆ. ನೋಡುವವರಿಗೆ ಆಕೆ ಏನೂ ಮಾಡದೆ ಕೂತಂತೆ ಕಾಣುತ್ತದೆ. ಅಕರ್ಮದಲ್ಲಿ ಕರ್ಮವನ್ನೂ ಕರ್ಮದಲ್ಲಿ ಅಕರ್ಮವನ್ನೂ ಕಾಣಬಲ್ಲವರನ್ನು ಗೀತೆಯ ನಾಲ್ಕನೇ ಅಧ್ಯಾಯ ಬುದ್ಧಿವಂತರೆಂದು ಕರೆದದ್ದು ಬೇರೆಯೇ ಸಂದರ್ಭದಲ್ಲಿ, ಮೋಕ್ಷದ ಚರ್ಚೆಯಲ್ಲಿ. ಆದರೂ ಪಾಠ ವೀಕ್ಷಣೆಗೆ ಹೋಗುವವರು ಆ ಮಾತನ್ನು ಕಟ್ಟಿಕೊಂಡೇ ಹೋಗಬೇಕು. ಗಟ್ಟಿ ದನಿಯಲ್ಲಿ ಎಲ್ಲರಿಂದ ಒಟ್ಟಿಗೆ ಹೇಳಿಸುವ ಪಾಠ ಚಟುವಟಿಕೆಯಿಂದ ತುಂಬಿ ತುಳುಕಿದರೂ ಅದರಲ್ಲಿ ಒಂದು ಮಗುವೂ ಓದದೇ ಇರಬಹುದು. ಒಬ್ಬರು ಒಂದು ದಿನ ನೋಡಿ ಕೊಡುವ ತೀರ್ಪು ಎಷ್ಟು ದುರ್ಬಲ ಎಂಬುದಕ್ಕೆ ಅಳತೆಯ ಸಾಕ್ಷ್ಯವೂ ಇದೆ. ಅಮೆರಿಕದಲ್ಲಿ 2009ರಿಂದ 2012ರವರೆಗೆ ಸುಮಾರು 3,000 ಶಿಕ್ಷಕರನ್ನು ಒಳಗೊಂಡು ನಡೆದ ದೊಡ್ಡ ಅಧ್ಯಯನವೊಂದು ತೋರಿಸಿದ್ದು ಇದನ್ನೇ: ತರಬೇತಿ ಪಡೆದ ವೀಕ್ಷಕರಾದರೂ ಒಬ್ಬರ ಒಂದು ಪಾಠದ ಅಂಕವನ್ನು ನೆಚ್ಚುವಂತಿಲ್ಲ, ಬೇರೆಬೇರೆ ವೀಕ್ಷಕರು ಬೇರೆಬೇರೆ ಪಾಠಗಳನ್ನು ನೋಡಿದಾಗ ಮಾತ್ರ ಅದು ಸ್ವಲ್ಪ ಗಟ್ಟಿಯಾಗುತ್ತದೆ.

ನೋಡುವವರು ನ್ಯಾಯಾಧೀಶರಾದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಚರಿತ್ರೆ ಒಂದೂವರೆ ಶತಮಾನ ಹಿಂದೆಯೇ ಪ್ರಯೋಗ ಮಾಡಿ ತೋರಿಸಿದೆ. 1862ರ ಪರಿಷ್ಕೃತ ಸಂಹಿತೆಯ ಪ್ರಕಾರ ಇನ್ಸ್‌ಪೆಕ್ಟರ್ ಶಾಲೆಗೆ ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಿದ್ದರು. ಒಂದು ವಿಷಯದಲ್ಲಿ ಮಗು ಸೋತರೆ ಶಾಲೆಯ ಅನುದಾನದಲ್ಲಿ 2 ಶಿಲಿಂಗ್ 8 ಪೆನ್ಸ್ ಕಡಿತ. ಕವಿ ಮ್ಯಾಥ್ಯೂ ಆರ್ನಲ್ಡ್ 1851ರಿಂದ 1886ರವರೆಗೆ ಇದೇ ಇನ್ಸ್‌ಪೆಕ್ಟರ್ ಕೆಲಸದಲ್ಲಿದ್ದರು. ಜಾಣತನದ ತಯಾರಿ ನಡೆಸಿದರೆ ಓದಲು ಬಾರದ ಮಗುವನ್ನೂ ಓದಿನ ಪರೀಕ್ಷೆಯಲ್ಲಿ ಪಾಸು ಮಾಡಿಸಬಹುದೆಂದು ತಮ್ಮದೇ ವರದಿಯಲ್ಲಿ ಅವರು ಎಚ್ಚರಿಸಿದರು. ನಿಗದಿಯಾದ ಪುಸ್ತಕವನ್ನು ಮಕ್ಕಳು ವರ್ಷವಿಡೀ ಬಾಯಿಪಾಠ ಮಾಡುತ್ತಿದ್ದರು. ಇನ್ಸ್‌ಪೆಕ್ಟರ್ ಮಗುವಿನ ಓದನ್ನು ನೋಡಲು ಬಂದು, ತಾನು ಬರುವೆನೆಂಬ ಭಯ ಹುಟ್ಟಿಸಿದ ನಾಟಕವನ್ನು ನೋಡಿಕೊಂಡು ಹೋಗುತ್ತಿದ್ದರು. 1890ರ ದಶಕದಲ್ಲಿ ಆ ಪದ್ಧತಿ ಕೊನೆಗೊಂಡಿತು. ಆದರೂ ತೀರ್ಪಿನ ಗೀಳು ಬಿಡಲಿಲ್ಲ. ಬಿಡಿ ಪಾಠಗಳಿಗೆ ದರ್ಜೆ ಕೊಡುವುದನ್ನು ಅಲ್ಲಿನ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ನಿಲ್ಲಿಸಿದ್ದು 2014ರಲ್ಲಿ. ನಮ್ಮ ನಾಡಿನ ತಪಾಸಣೆಗೂ ಅದೇ ಕಾಲದ ಬೇರಿದೆ: 1854ರ ವುಡ್ ವರದಿ ಶಾಲೆಗಳಿಗೆ ಅನುದಾನವನ್ನೂ ಅದರ ಬೆನ್ನಿಗೇ ತಪಾಸಣೆಯನ್ನೂ ಕಟ್ಟಿಕೊಟ್ಟಿತು. ಸಾಹೇಬರು ಬರುತ್ತಾರೆಂದು ಗೊತ್ತಾದ ದಿನ ಶಾಲೆಯ ಮುಖವೇ ಬದಲಾಗುವುದು ಇವತ್ತಿಗೂ ನಿಂತಿಲ್ಲ.

ನ್ಯಾಯಾಧೀಶರು ಬೇಡವೆಂದಾದರೆ ಶುದ್ಧ ಸಾಕ್ಷಿಯಾಗಿ ಕೂತು ನೋಡಬಹುದಲ್ಲ ಎಂದು ವೇದಾಂತ ಬಲ್ಲವರಿಗೆ ಅನ್ನಿಸೀತು. 14ನೇ ಶತಮಾನದಲ್ಲಿ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರು ತಮ್ಮ ಪಂಚದಶಿಯ ಹತ್ತನೇ ಪ್ರಕರಣಕ್ಕೆ ನಾಟಕದೀಪ ಎಂದು ಹೆಸರಿಟ್ಟರು. ನೃತ್ಯಶಾಲೆಯ ದೀಪ ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮನೆ ಬೆಳಗುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ತನ್ನ ಪಾಡಿಗೆ ಉರಿಯುತ್ತದೆ. ಸಾಕ್ಷಿಚೈತನ್ಯವೂ ಹಾಗೆಯೇ ಎಂಬುದು ಅಲ್ಲಿನ ನಿರೂಪಣೆ. ಇದಕ್ಕಿಂತ ನಿಷ್ಪಕ್ಷಪಾತವಾದ ನೋಟವನ್ನು ಕಲ್ಪಿಸುವುದು ಕಷ್ಟ, ಹಾಗೆಂದೇ ಅದು ನಮ್ಮನ್ನು ಸೆಳೆಯುತ್ತದೆ. ಆದರೆ ಆತ್ಮದ ಬಗ್ಗೆ ಹೇಳಿದ್ದನ್ನು ಕುರ್ಚಿಯ ಮೇಲೆ ಕೂತ ಅಧಿಕಾರಿಗೆ ಅನ್ವಯಿಸಿದರೆ ತಪ್ಪಾಗುತ್ತದೆ. ದೀಪ ಹಚ್ಚಿದ್ದರಿಂದ ನರ್ತಕಿಯ ಹೆಜ್ಜೆ ತಪ್ಪುವುದಿಲ್ಲ. ಹೊಸಬರು ಬಂದು ಕೂತರೆ ಮಕ್ಕಳ ಕತ್ತು ತಿರುಗುತ್ತದೆ, ಚೆನ್ನಾಗಿ ಓದುವ ಮಗುವನ್ನೇ ಮೊದಲು ಕರೆಯೋಣ ಎಂದು ಶಿಕ್ಷಕಿಗೆ ಅನ್ನಿಸುತ್ತದೆ, ಓದಲು ಬಾರದ ಮಗು ಬೆನ್ನ ಹಿಂದೆ ಮರೆಯಾಗುತ್ತದೆ. ನೋಟ ಇಲ್ಲಿ ಒಂದು ಕ್ರಿಯೆ, ಅದಕ್ಕೆ ಫಲವಿದೆ. ನಾನು ಬರೀ ನೋಡಲು ಬಂದೆ ಎನ್ನುವವರು ತಾವು ಮಾಡಿದ ಬದಲಾವಣೆಯ ಹೊಣೆಯಿಂದ ಜಾರಿಕೊಳ್ಳುತ್ತಿದ್ದಾರೆ. ದೀಪದಿಂದ ಕಲಿಯಬೇಕಾದದ್ದು ಒಂದೇ: ಗುಂಪಿನ ಎಲ್ಲ ಮಕ್ಕಳ ಮೇಲೂ ಒಂದೇ ಬೆಳಕು ಬೀಳಬೇಕು, ಮುಂದೆ ಕೂತ ಜಾಣರ ಮೇಲೆ ಹೆಚ್ಚು, ಮರೆಯಾದವರ ಮೇಲೆ ಕಡಿಮೆ ಆಗಬಾರದು.

ತೀರ್ಪು ಬೇಡ, ನಿರ್ಲಿಪ್ತತೆ ಸಾಧ್ಯವಿಲ್ಲ ಎಂದಮೇಲೆ ಉಳಿದ ದಾರಿ ಯಾವುದು? ಬ್ರಿಟಿಷ್ ದಾರ್ಶನಿಕಿ, ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ 1970ರ ತಮ್ಮ ಪುಸ್ತಕವೊಂದರಲ್ಲಿ ಅತ್ತೆ ಸೊಸೆಯರ ಒಂದು ಸಂದರ್ಭವನ್ನು ಕಲ್ಪಿಸುತ್ತಾರೆ. ಕನ್ನಡದ ಓದುಗರಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಸೊಸೆ ಒಡ್ಡೊಡ್ಡು, ಮಗುವಿನಂಥ ಸ್ವಭಾವದವಳು ಎಂದು ಅತ್ತೆಗೆ ತೋರುತ್ತದೆ. ಅತ್ತೆ ಸಭ್ಯರು, ಮಾತಿನಲ್ಲಾಗಲಿ ನಡೆಯಲ್ಲಾಗಲಿ ಅದನ್ನು ಎಂದೂ ತೋರಗೊಡುವುದಿಲ್ಲ. ಆದರೆ ತನ್ನ ಮನಸ್ಸಿನಲ್ಲಿ ಹೊಟ್ಟೆಕಿಚ್ಚೂ ಪೂರ್ವಗ್ರಹವೂ ಇರಬಹುದೇನೋ ಎಂದುಕೊಂಡು ಮತ್ತೊಮ್ಮೆ ನೋಡುತ್ತಾರೆ, ಮಗದೊಮ್ಮೆ ನೋಡುತ್ತಾರೆ. ನಿಧಾನವಾಗಿ ಅದೇ ಸೊಸೆ ಸರಳೆಯಾಗಿ, ಲವಲವಿಕೆಯವಳಾಗಿ ಕಾಣತೊಡಗುತ್ತಾಳೆ. ಹೊರಗೆ ಏನೂ ಬದಲಾಗಿಲ್ಲ, ಆದರೂ ನೈತಿಕವಾದ ಒಂದು ದೊಡ್ಡ ಕೆಲಸ ನಡೆದಿದೆ ಎನ್ನುತ್ತಾರೆ ಮರ್ಡಾಕ್. ಪ್ರೀತಿಯಿಂದ, ನ್ಯಾಯವಾಗಿ, ಮತ್ತೆ ಮತ್ತೆ ನೋಡುವುದೇ ನೀತಿಯ ಕೇಂದ್ರ ಎಂಬ ಈ ವಿಚಾರವನ್ನು ಅವರು ಸಿಮೋನ್ ವೇಯ್ ಅವರಿಂದ ಕಲಿತರು. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಸೊಸೆಗೆ ಈ ಕಥೆಯಲ್ಲಿ ಬಾಯೇ ಇಲ್ಲ! ಅತ್ತೆ ತನ್ನೊಳಗೇ ತನ್ನ ನೋಟವನ್ನು ತಿದ್ದಿಕೊಂಡರೇ ಹೊರತು, ನಾನು ಕಂಡದ್ದು ಸರಿಯೇ ಎಂದು ಆಕೆಯನ್ನು ಕೇಳಲಿಲ್ಲ. ಮೊದಲ ಚಿತ್ರವೂ ಅತ್ತೆಯದೇ, ತಿದ್ದಿದ ಚಿತ್ರವೂ ಅತ್ತೆಯದೇ. ಮರ್ಡಾಕ್ ಬೇಡುವ ಗಮನ ಪಾಠ ನೋಡುವವರಿಗೆ ಅಗತ್ಯ, ಆದರೆ ಸಾಲದು.

ಸಾಲದೆ ಹೋದದ್ದನ್ನು ಬೌದ್ಧ ಸಂಘ ತುಂಬಿಕೊಡುತ್ತದೆ. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನೆಲೆನಿಂತ ಭಿಕ್ಷುಗಳು ವರ್ಷಾವಾಸದ ಕೊನೆಯಲ್ಲಿ ಪವಾರಣೆ ಎಂಬ ವಿಧಿಯನ್ನು ನಡೆಸುತ್ತಾರೆ. ಒಬ್ಬೊಬ್ಬ ಭಿಕ್ಷುವೂ ಸಂಘದ ಮುಂದೆ ಕೂತು, ನನ್ನಲ್ಲಿ ಕಂಡ, ಕೇಳಿದ, ಅನುಮಾನಕ್ಕೆ ಬಂದ ದೋಷವಿದ್ದರೆ ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಕೇಳಿಕೊಳ್ಳುತ್ತಾನೆ. ಎರಡು ಸಂಗತಿಗಳು ಇಲ್ಲಿ ಗಮನಾರ್ಹ. ಕಂಡದ್ದು, ಕೇಳಿದ್ದು, ಅನುಮಾನಿಸಿದ್ದು ಎಂಬ ಭೇದವನ್ನು ವಿಧಿಯೇ ಇಟ್ಟುಕೊಂಡಿದೆ. ಹೇಳುವವರು ಯಾವ ಆಧಾರದ ಮೇಲೆ ನಿಂತು ಹೇಳುತ್ತಿದ್ದಾರೆಂಬುದು ಮರೆಯಾಗದಿರಲೆಂದು. ಎರಡನೆಯದು ಇನ್ನೂ ದೊಡ್ಡದು. ಕೇಳಿಕೊಳ್ಳುವುದು ಹಿರಿಯರಿಂದಲೇ ಶುರುವಾಗುತ್ತದೆ. ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ಬುದ್ಧನೇ ಭಿಕ್ಷುಗಳ ಮುಂದೆ ಕೂತು, ನನ್ನ ನಡೆನುಡಿಯಲ್ಲಿ ನೀವು ಎತ್ತಿ ಆಡಬೇಕಾದದ್ದು ಏನಾದರೂ ಇದೆಯೇ ಎಂದು ಕೇಳುತ್ತಾನೆ. ಇನ್ನೊಬ್ಬರ ತಪ್ಪು ಎತ್ತಿ ಹೇಳುವವರಿಗೆ ಐದು ಕಟ್ಟಳೆಗಳನ್ನೂ ಆ ಪರಂಪರೆ ವಿಧಿಸಿತು: ಹೊತ್ತು ನೋಡಿ ಹೇಳಬೇಕು, ನಿಜವನ್ನು ಹೇಳಬೇಕು, ಮೆದುವಾಗಿ ಹೇಳಬೇಕು, ಉಪಯೋಗಕ್ಕೆ ಬರುವಂತೆ ಹೇಳಬೇಕು, ಮೈತ್ರಿಯ ಮನಸ್ಸಿನಿಂದ ಹೇಳಬೇಕು. ಹಿಮ್ಮಾಹಿತಿಯ ಬಗ್ಗೆ ಇವತ್ತು ನಡೆಯುವ ತರಬೇತಿಗಳು ಮೂರನೆಯದನ್ನು ಮಾತ್ರ ಕಲಿಸುತ್ತವೆ. ಮೊದಲು ಎರಡು ಹೊಗಳಿಕೆ, ಮಧ್ಯದಲ್ಲಿ ಒಂದು ತಪ್ಪು, ಕೊನೆಯಲ್ಲಿ ಮತ್ತೊಂದು ಹೊಗಳಿಕೆ ಎಂಬ ಉಪಾಯ ಅದರದೇ ಕೂಸು. ಅದು ಮೆದುತನದ ಅಭಿನಯ. ಕೇಳಿಸಿಕೊಳ್ಳುವವರಿಗೆ ಒಳಗಿನ ತಪ್ಪು ಯಾವಾಗ ಬರುತ್ತದೆಂಬ ಕಾತರವನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ. ಮೂರನೇ ತರಗತಿ ಮುಗಿಸಿದ ಎಷ್ಟೋ ಮಕ್ಕಳು ಒಂದು ಸರಳ ಪರಿಚ್ಛೇದವನ್ನು ಓದಲಾರರು ಎಂಬುದು ದೇಶಕ್ಕೆಲ್ಲ ಗೊತ್ತಿರುವ ನೋವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಎಲ್ಲಕ್ಕಿಂತ ಮೊದಲ ತುರ್ತು ಎಂದಿತು, 2021ರಲ್ಲಿ ನಿಪುಣ್ ಭಾರತ್ ಯೋಜನೆ ಅದಕ್ಕಾಗಿಯೇ ಶುರುವಾಯಿತು. ಮನೆಯಲ್ಲಿ ಪುಸ್ತಕವಿಲ್ಲದ ಕೂಲಿಕಾರರ ಮಗುವಿಗೆ ಓದು ಕಲಿಯಲು ಇರುವುದು ಈ ಮೂರು ವರ್ಷಗಳೇ. ಅಂಥಲ್ಲಿ ಶಿಕ್ಷಕಿಯ ಮನಸ್ಸು ನೋಯಬಾರದೆಂದು ತೂಗಿ ತೂಗಿ ಮಾತಾಡುತ್ತ ಕೂರುವುದು ಯಾವ ಧರ್ಮ? ಆಕ್ಷೇಪದ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಗು ಓದುತ್ತಿಲ್ಲವೆಂದು ಕಂಡೂ ‘ಪಾಠ ಚೆನ್ನಾಗಿತ್ತು ಮೇಡಂ’ ಎಂದು ಸಹಿ ಹಾಕಿ ಎದ್ದುಹೋಗುವುದು ಸಭ್ಯತೆಯ ಹೆಸರಿನ ದ್ರೋಹ. ಅದಕ್ಕಿಂತ ತೀರ್ಪು ಕೊಡುವವರೇ ಎಷ್ಟೋ ವಾಸಿ. ಗಂಟಲಲ್ಲಿ ಕಲ್ಲು ಸಿಕ್ಕಿಕೊಂಡ ಎಳೆಯ ಮಗುವಿನ ಬಾಯಿಗೆ ಬೆರಳು ಹಾಕಿ, ರಕ್ತ ಬಂದರೂ ಸರಿ, ಅದನ್ನು ತೆಗೆಯುವುದೇ ಕರುಣೆ ಎಂದು ಬುದ್ಧನ ಪ್ರಶ್ನೆಗೆ ಅಭಯ ರಾಜಕುಮಾರ ಉತ್ತರಿಸಿದ ಪ್ರಸಂಗ ಮಜ್ಝಿಮ ನಿಕಾಯದಲ್ಲಿದೆ. ಅಪ್ರಿಯವಾದರೂ ನಿಜವಾದ, ಹಿತವಾದ ಮಾತನ್ನು ಆಡಲೇಬೇಕು. ಆದರೆ ಆಕ್ಷೇಪ ಮರೆತದ್ದೊಂದಿದೆ. ಮಗುವಿಗೆ ಓದು ಕಲಿಸುವವರು ನಾಳೆಯೂ ಅದೇ ಶಿಕ್ಷಕಿಯೇ. ಆಕೆಗೆ ಅರ್ಥವಾಗದ, ಆಕೆ ಒಪ್ಪದ ಮಾತು ಎಷ್ಟೇ ಕಟುವಾಗಿದ್ದರೂ ಮಗುವಿನವರೆಗೆ ತಲುಪುವುದಿಲ್ಲ. ಭೇಟಿ ಪುಸ್ತಕದಲ್ಲೇ ಉಳಿಯುತ್ತದೆ. ‘ನಿಮಗೆ ಗುಂಪು ನಿರ್ವಹಣೆ ಬಾರದು’ ಎಂಬ ಮಾತು ಆಕೆಯ ವ್ಯಕ್ತಿತ್ವದ ಮೇಲೆ ಬೀಳುತ್ತದೆ, ಆಕೆ ತನ್ನನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ‘ಆ ಮೂಲೆಯ ಹುಡುಗ ಇಡೀ ಹೊತ್ತಿನಲ್ಲಿ ಒಂದು ಸಾಲನ್ನೂ ತಾನಾಗಿ ಓದಲಿಲ್ಲ, ಪಕ್ಕದವಳ ತುಟಿ ನೋಡಿ ಹೇಳುತ್ತಿದ್ದ, ನಿಮಗೂ ಹಾಗನ್ನಿಸಿತೇ?’ ಎಂಬ ಮಾತು ಅದಕ್ಕಿಂತ ಕಠೋರ ಸತ್ಯ. ಆದರೂ ಅದು ಇಬ್ಬರನ್ನೂ ಹುಡುಗನ ಕಡೆಗೆ ತಿರುಗಿಸುತ್ತದೆ.

ಬೇರೆ ದಿಕ್ಕಿನಿಂದ ಬರುವ ಆಕ್ಷೇಪವೊಂದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಲೋಕವನ್ನು ತಿದ್ದಲು ಹೊರಟವರನ್ನು ಮೊದಲು ನಿಮ್ಮನ್ನು ನೀವು ಸರಿಪಡಿಸಿಕೊಳ್ಳಿ ಎಂದು ಕೇಳುವ ಬಸವಣ್ಣನವರ ವಚನ ಎಲ್ಲರ ನಾಲಿಗೆಯ ಮೇಲಿದೆ. ಹಾಗಾದರೆ ತಾನೇ ಅರೆಕೊರೆಯಾದ ಯಾರಿಗೂ ಇನ್ನೊಬ್ಬರ ಪಾಠದ ಬಗ್ಗೆ ಮಾತಾಡುವ ಯೋಗ್ಯತೆಯಿಲ್ಲ ಎಂದಂತಾಯಿತಲ್ಲ? ವಚನವನ್ನು ಅದು ಹುಟ್ಟಿದ ಬದುಕಿನಿಂದ ಕಿತ್ತು ಓದಿದರೆ ಹಾಗೆ ತೋರುತ್ತದೆ. ಅದೇ ಕಲ್ಯಾಣದಲ್ಲಿ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸದೆ ಬಿಟ್ಟ ದಿನವಿರಲಿಲ್ಲವೆಂಬಂತೆ 15ನೇ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಅವರ ಸಂವಾದಗಳನ್ನು ಕಟ್ಟಿಕೊಡುತ್ತದೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ತುಂಬಿದ ಸಭೆಯಲ್ಲಿ ಆಕೆಯ ನಡೆಯನ್ನು ಪ್ರಶ್ನಿಸುತ್ತಾರೆ. ಬಟ್ಟೆ ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದೂ ಕೇಳುತ್ತಾರೆ. ಪ್ರಶ್ನೆ ಕ್ರೂರವೆಂದೇ ಕೇಳಿಸುತ್ತದೆ. ಆದರೆ ಆಕೆ ಕೊಡುವ ಉತ್ತರಗಳಿಗೆ ಅಲ್ಲಿ ಪೂರ್ತಿ ಜಾಗವಿದೆ, ಕೊನೆಗೆ ಮಣಿಯುವುದು ಕೇಳಿದವರೇ. ತನ್ನನ್ನು ಸರಿಪಡಿಸಿಕೊಳ್ಳುವುದು ಇನ್ನೊಬ್ಬರೊಡನೆ ಮಾತಾಡುವುದಕ್ಕೆ ಅಡ್ಡಿಯಾಗಿ ಅಲ್ಲಿ ಬರಲಿಲ್ಲ. ಆ ಮಾತಿನ ನಡುವೆಯೇ ಅದೂ ನಡೆಯಿತು. ಪಾಠ ನೋಡಿದವರು ಶಿಕ್ಷಕಿಯ ಉತ್ತರದಿಂದ ತಮ್ಮ ಟಿಪ್ಪಣಿಯ ಒಂದು ಸಾಲನ್ನು ಹೊಡೆದುಹಾಕಬೇಕಾಗಿ ಬಂದರೆ, ಬಸವಣ್ಣನವರು ಕೇಳಿದ್ದನ್ನೇ ಅವರು ಮಾಡಿದಂತೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅಧಿಕಾರದ್ದು. ಭಿಕ್ಷುಗಳು ಮನೆಮಠ ಬಿಟ್ಟು ಬಂದ ಸಮಾನರು, ಶರಣರು ದೈವವನ್ನೇ ಅರಸಿ ಬಂದವರು. ಶಿಕ್ಷಕಿಗೆ ವರ್ಗಾವಣೆ, ಬಡ್ತಿ, ನೋಟಿಸುಗಳ ಲೋಕವಿದೆ. ಭೇಟಿಗೆ ಬಂದವರು ‘ನನ್ನ ನೋಟದಲ್ಲಿ ತಪ್ಪಿದ್ದರೆ ಹೇಳಿ’ ಎಂದು ಎಷ್ಟೇ ಪ್ರಾಮಾಣಿಕವಾಗಿ ಕೇಳಿದರೂ ಆಕೆ ನಕ್ಕು, ‘ನೀವು ಹೇಳಿದ್ದೇ ಸರಿ ಸಾರ್’ ಎನ್ನುವುದು ಸಹಜ. ಇದಕ್ಕೆ ಸದುದ್ದೇಶವೊಂದೇ ಉತ್ತರವಾಗಲಾರದು, ವ್ಯವಸ್ಥೆಯೇ ಬದಲಾಗಬೇಕು. ಹುದ್ದೆಯ ಬಗ್ಗೆ ವರದಿ ಬರೆಯುವವರೂ ಓದಿನ ಪಾಠ ನೋಡುವವರೂ ಒಬ್ಬರೇ ಆಗಿರಕೂಡದು. ಜಪಾನಿನ ಶಿಕ್ಷಕರು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಪಾಠ ಅಧ್ಯಯನದಲ್ಲಿ ಗುಂಪಿನವರೆಲ್ಲ ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ನಡೆಸುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಚರ್ಚೆಯಲ್ಲಿ ಪಾಠ ಮಾಡಿದವರೇ ಮೊದಲು ಮಾತಾಡುವುದು ರೂಢಿ. ಪಾಠ ಸೋತರೆ ಅದು ಎಲ್ಲರ ಯೋಜನೆಯ ಸೋಲು. ನಮ್ಮಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿಗಳು) ಪ್ರಾಥಮಿಕ ಶಾಲಾ ಶಿಕ್ಷಕರ ನಡುವಿನಿಂದಲೇ ಬಂದವರು, ತಮ್ಮ ಅವಧಿ ಮುಗಿದರೆ ಮತ್ತೆ ತರಗತಿಗೆ ಹೋಗುವವರು. ಅವರೇ ಮೊದಲು ಶಿಕ್ಷಕಿಯ ಎದುರು ಅದೇ ಐದಾರು ಮಕ್ಕಳ ಗುಂಪಿಗೆ ಪಾಠ ಮಾಡಿ, ಆಕೆಯ ಮಾತನ್ನು ಕೇಳಿಸಿಕೊಂಡು, ಇನ್ನೊಂದು ದಿನ ಆಕೆಯ ಪಾಠ ನೋಡಿದರೆ ಪವಾರಣೆಯ ಕ್ರಮ ತನ್ನಿಂತಾನೇ ಬಂದಂತಾಗುತ್ತದೆ: ದೊಡ್ಡವರು ಮೊದಲು ತಮ್ಮನ್ನು ಒಡ್ಡಿಕೊಳ್ಳಬೇಕು. ಅಧಿಕಾರದ ಭಯ ಇದರಿಂದ ಪೂರ್ತಿ ಅಳಿಯುತ್ತದೆಂದು ನಾನು ಹೇಳಲಾರೆ, ಅಷ್ಟಿಷ್ಟು ಸಡಿಲವಾದೀತು.

ಸಮಾನರಾದರೆ ಸಾಕೇ ಎಂಬುದೂ ಕೇಳಲೇಬೇಕಾದ ಪ್ರಶ್ನೆ. ಒಬ್ಬರನ್ನೊಬ್ಬರು ಗೌರವಿಸುವ ಗುಂಪು ಒಟ್ಟಾಗಿಯೇ ತಪ್ಪು ನೋಡಬಹುದು. ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ಓದಿನ ತರಬೇತಿಯಲ್ಲಿ ಒಬ್ಬ ಶಿಕ್ಷಕಿ ಮಗುವಿಗೆ ಪಾಠ ಮಾಡುತ್ತಿರುವಾಗ ಸಹೋದ್ಯೋಗಿಗಳು ಒಮ್ಮುಖ ಗಾಜಿನ ಹಿಂದೆ ಕೂತು ನೋಡುತ್ತ ಚರ್ಚಿಸುತ್ತಾರೆ, ಸರದಿಯಂತೆ ಎಲ್ಲರೂ ಗಾಜಿನ ಮುಂದೆ ಬರುತ್ತಾರೆ. ಪರಸ್ಪರ 
ವೀಕ್ಷಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಅಪರೂಪ. ಆದರೆ ಗೊತ್ತಿಲ್ಲದ ಪದವನ್ನು ಸಂದರ್ಭ ಮತ್ತು ಚಿತ್ರಗಳ ನೆರವಿನಿಂದ ಹಿಡಿಯಲು ಮಕ್ಕಳನ್ನು ಪ್ರೋತ್ಸಾಹಿಸುವ ಆ ಪರಂಪರೆಯ ನಿಲುವನ್ನು ಓದಿನ ಬಗ್ಗೆ ಸಂಶೋಧನೆ ನಡೆಸಿದ ಎಷ್ಟೋ ಜನ ಬಲವಾಗಿ ವಿರೋಧಿಸಿದ್ದಾರೆ. ಕನ್ನಡದ ಮಟ್ಟಿಗೆ ವಿಷಯ ಇನ್ನೂ ಸೂಕ್ಷ್ಮ. ಗುಣಿತ, ಒತ್ತಕ್ಷರಗಳು ಸೇರಿ ನಮ್ಮ ಮಕ್ಕಳು ಕಲಿಯಬೇಕಾದ ರೂಪಗಳು ನೂರಾರು. ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆಂದು ಸೋನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಇದನ್ನು ಅರಿಯದ ಇಬ್ಬರು ಸಮಾನರು, ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದ್ದನ್ನು ದಡ್ಡತನವೆಂದು ಒಮ್ಮತದಿಂದ ತೀರ್ಮಾನಿಸಿಬಿಡಬಹುದು. ಆದ್ದರಿಂದಲೇ ನಾನು ಪರಿಣತಿ ಬೇಡವೆನ್ನಲಿಲ್ಲ, ಅದೊಂದೇ ಹಕ್ಕು ಕೊಡದು ಎಂದೆ. ಇಬ್ಬರ ಒಪ್ಪಂದಕ್ಕಿಂತ ಮೇಲಿನ ಪ್ರಮಾಣವೊಂದು ಬೇಕು; ಅದು ಆ ಮಗುವೇ, ಹಿಂದೆಂದೂ ನೋಡದ ಸಾಲುಗಳನ್ನು ಅದು ಚಿತ್ರದ ನೆರವಿಲ್ಲದೆ ಓದುವ ರೀತಿಯೇ.

ಹೀಗೆ ಯೋಚಿಸಿದರೆ ಭೇಟಿ ಪುಸ್ತಕದಲ್ಲಿ ಏನಿರಬೇಕು ಎಂಬುದೂ ಸ್ಪಷ್ಟವಾಗುತ್ತದೆ. ಯಾವ ಮಗು ಯಾವ ಕಾರ್ಡನ್ನು ಹೇಗೆ ಓದಿತು, ಎಲ್ಲಿ ನಿಂತಿತು, ಎಲ್ಲಿ ತಾನೇ ತಿದ್ದಿಕೊಂಡಿತು, ಆಗ ಶಿಕ್ಷಕಿ ಏನು ಮಾಡಿದರು ಎಂಬ ವಿವರ ಮೊದಲು. ನೋಡಿದವರ ಅನುಮಾನಗಳು ಅನುಮಾನಗಳೆಂದೇ ಬೇರೆ ಸಾಲಿನಲ್ಲಿ. ಅದರ ಪಕ್ಕದಲ್ಲಿ ಶಿಕ್ಷಕಿಯ ಮಾತು, ಆಕೆಯದೇ ಕೈಬರಹದಲ್ಲಿ. ‘ಉತ್ತಮ’, ‘ಸಾಧಾರಣ’ ಎಂಬ ದರ್ಜೆಗಳಿಗೆ ಅಲ್ಲಿ ಜಾಗವೇ ಬೇಡ. ನೋಡಿದವರ ಅಭಿಪ್ರಾಯವನ್ನು ಶಿಕ್ಷಕಿ ತಳ್ಳಿಹಾಕಿದರೆ? ಅಭಿಪ್ರಾಯವನ್ನು ತಳ್ಳಿಹಾಕುವ ಸ್ವಾತಂತ್ರ್ಯ ಆಕೆಗಿರಬೇಕು, ಇಲ್ಲವಾದರೆ ಕೇಳಿದ್ದಕ್ಕೆ ಅರ್ಥವಿಲ್ಲ. ಆದರೆ ಮಗುವಿನ ಓದಿಗೆ ಉತ್ತರ ಹೇಳುವ ಹೊಣೆಯನ್ನು ತಳ್ಳಿಹಾಕುವ ಸ್ವಾತಂತ್ರ್ಯ ಇಬ್ಬರಿಗೂ ಇಲ್ಲ. ಎರಡು ಕೈಬರಹಗಳು ಒಂದಕ್ಕೊಂದು ಒಪ್ಪದಿದ್ದರೆ ಒಪ್ಪದಂತೆಯೇ ಉಳಿಯಲಿ, ಯಾರೂ ಅವಸರದಿಂದ ರಾಜಿ ಮಾಡಿಕೊಳ್ಳಬೇಕಿಲ್ಲ. ಮುಂದಿನ ಭೇಟಿಯ ದಿನ ಅದೇ ಮಗುವಿಗೆ ಹೊಸದೊಂದು ಕಾರ್ಡು ಕೊಟ್ಟು, ಪುಸ್ತಕದ ಆ ಪುಟವನ್ನು ಮುಂದೆ ತೆರೆದಿಟ್ಟುಕೊಂಡು, ಇಬ್ಬರೂ ಕೇಳಬಹುದು.